ಪ್ರಾಚೀನ ಇಸ್ರಾಯೇಲಿನ ಧರ್ಮಶಾಸನಗಳನ್ನು ಪದರ ಪದರವಾಗಿ ಓದುವ ಕ್ರಮ

ಹೀಬ್ರೂ ಬೈಬಲಿನ ಮೊದಲ ಐದು ಪುಸ್ತಕಗಳಲ್ಲಿರುವ ಕಟ್ಟಳೆಗಳನ್ನು ಒಂದೇ ಓಟದಲ್ಲಿ ಓದಿ ಮುಗಿಸಲು ಹೊರಟವರಲ್ಲಿ ಹೆಚ್ಚಿನವರು ಆರಾಧನೆಯ ಗುಡಾರದ ಅಳತೆಗಳ ನಡುವೆಯೋ ಬಲಿಗಳ ವಿವರಗಳ ನಡುವೆಯೋ ಓದನ್ನು ಕೈಬಿಡುತ್ತಾರೆ. ಕೈಬಿಡದೆ ಮುಂದುವರಿದವರಿಗೂ ಒಂದು ಗೊಂದಲ ಉಳಿಯುತ್ತದೆ: ಅದೇ ವಿಷಯ ಮತ್ತೆ ಮತ್ತೆ ಬರುತ್ತದೆ, ಆದರೆ ಒಂದು ಕಡೆ ಹೇಳಿದಂತೆ ಇನ್ನೊಂದು ಕಡೆ ಇಲ್ಲ. ಈ ವ್ಯತ್ಯಾಸಗಳನ್ನು ತೊಡಕೆಂದು ಬದಿಗೊತ್ತದೆ ಸುಳಿವೆಂದು ಹಿಡಿದುಕೊಂಡರೆ, ಸುಮಾರು ನಾಲ್ಕೈದು ಶತಮಾನಗಳ ಅವಧಿಯಲ್ಲಿ ಒಂದು ಜನಾಂಗ ತನ್ನ ಕಟ್ಟಳೆಗಳನ್ನು ಹೇಗೆ ತಿದ್ದಿಕೊಳ್ಳುತ್ತ, ಆದರೂ ಹಳೆಯದನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತ ಬಂದಿತೆಂಬುದು ಕಾಣತೊಡಗುತ್ತದೆ. ಅಂಥ ಓದಿಗೆ ಬೇಕಾದ ಕ್ರಮವನ್ನು ಇಲ್ಲಿ ವಿವರಿಸಿದೆ. ಇದಕ್ಕೆ ಹೀಬ್ರೂ ಭಾಷೆ ತಿಳಿದಿರಲೇಬೇಕೆಂದಿಲ್ಲ. ಕನ್ನಡ ಬೈಬಲ್, ಒಂದು ನೋಟ್‌ಬುಕ್ ಮತ್ತು ತಾಳ್ಮೆ ಇದ್ದರೆ ಸಾಕು.

ಗಡಿಗಳನ್ನು ಗುರುತು ಹಾಕಿಕೊಳ್ಳಿ

ಮೊದಲ ಕೆಲಸವೆಂದರೆ ಮೂರು ಪ್ರಮುಖ ಸಂಹಿತೆಗಳ ಆರಂಭ ಮತ್ತು ಅಂತ್ಯವನ್ನು ಪೆನ್ಸಿಲಿನಿಂದ ಗುರುತಿಸಿಕೊಳ್ಳುವುದು. ವಿಮೋಚನಕಾಂಡ 20:22ರಿಂದ 23ನೆಯ ಅಧ್ಯಾಯದ ಕೊನೆಯವರೆಗಿನ ಭಾಗವನ್ನು ಒಡಂಬಡಿಕೆಯ ಸಂಹಿತೆ ಎನ್ನುತ್ತಾರೆ. ಬಹುಪಾಲು ವಿದ್ವಾಂಸರ ಅಭಿಪ್ರಾಯದಲ್ಲಿ ಇದೇ ಮೂರರಲ್ಲಿ ಹಳೆಯದು. ಧರ್ಮೋಪದೇಶಕಾಂಡದ 12ರಿಂದ 26ನೆಯ ಅಧ್ಯಾಯಗಳು ಎರಡನೆಯ ಸಂಹಿತೆ. ಯಾಜಕಕಾಂಡದ 17ರಿಂದ 26ನೆಯ ಅಧ್ಯಾಯಗಳು ಮೂರನೆಯದು. "ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು" ಎಂಬ ಆಶಯ ಮರುಕಳಿಸುವ ಕಾರಣ ಜರ್ಮನ್ ವಿದ್ವಾಂಸ ಆಗಸ್ಟ್ ಕ್ಲೋಸ್ಟರ್‌ಮನ್ 1877ರಲ್ಲಿ ಇದನ್ನು ಪರಿಶುದ್ಧತೆಯ ಸಂಹಿತೆ ಎಂದು ಕರೆದರು, ಆ ಹೆಸರೇ ನಿಂತಿತು. ಇವುಗಳ ಸುತ್ತ ಯಾಜಕರ ವಲಯದಲ್ಲಿ ಬೆಳೆದ ಬಲಿ, ಶುದ್ಧಿ, ಹಬ್ಬಗಳ ವಿಧಿಗಳು ಹರಡಿಕೊಂಡಿವೆ. ದಶಾಜ್ಞೆಗಳು ಎರಡು ಕಡೆ ಇವೆ, ವಿಮೋಚನಕಾಂಡ 20ರಲ್ಲಿ ಮತ್ತು ಧರ್ಮೋಪದೇಶಕಾಂಡ 5ರಲ್ಲಿ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಸಬ್ಬತ್ ಎಂಬ ವಾರದ ವಿಶ್ರಾಂತಿದಿನದ ಆಜ್ಞೆಯನ್ನು ಮಾತ್ರ ಓದಿ ನೋಡಿ: ಮೊದಲನೆಯದರಲ್ಲಿ ಇಸ್ರಾಯೇಲರ ದೇವರಾದ ಯೆಹೋವನು ಆರು ದಿನಗಳಲ್ಲಿ ಲೋಕವನ್ನು ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದ್ದೇ ಕಾರಣ, ಎರಡನೆಯದರಲ್ಲಿ ಇಸ್ರಾಯೇಲರು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದುದು ಕಾರಣ. ಕಲ್ಲಿನ ಮೇಲೆ ದೇವರೇ ಬರೆದನೆಂದು ಹೇಳಲಾದ ಮಾತುಗಳೂ ಮರುಬರಹಕ್ಕೆ ಹೊರತಾಗಿರಲಿಲ್ಲ ಎಂಬುದು ಇಲ್ಲಿಯೇ ಗೊತ್ತಾಗುತ್ತದೆ.

ಒಂದೇ ವಿಷಯವನ್ನು ಮೂರು ಕಡೆ ಓದಿ

ಗಡಿ ಗುರುತಿಸಿದ ಮೇಲೆ ಪುಟದ ಕ್ರಮದಲ್ಲಿ ಓದುವುದನ್ನು ಬಿಟ್ಟು, ವಿಷಯದ ಕ್ರಮದಲ್ಲಿ ಓದಬೇಕು. ಇಡೀ ಕ್ರಮದ ತಿರುಳು ಇದೇ ಆದ್ದರಿಂದ ಇಲ್ಲಿ ಅವಸರ ಮಾಡಬಾರದು. ನೋಟ್‌ಬುಕ್ಕಿನ ಪುಟದಲ್ಲಿ ಮೂರು ಕಾಲಮ್ ಎಳೆದು, ಒಂದೊಂದು ಸಂಹಿತೆ ಏನು ಹೇಳುತ್ತದೆಂಬುದನ್ನು ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಆರಂಭಕ್ಕೆ ದಾಸರ ಬಿಡುಗಡೆಯ ಕಟ್ಟಳೆಗಿಂತ ಒಳ್ಳೆಯದು ಸಿಗುವುದಿಲ್ಲ.

ವಿಮೋಚನಕಾಂಡ 21:2–11ರ ಪ್ರಕಾರ ಇಬ್ರಿಯ (ಹೀಬ್ರೂ ಜನಾಂಗದ) ದಾಸನು ಆರು ವರ್ಷ ದುಡಿದು ಏಳನೆಯ ವರ್ಷ ಏನೂ ಕೊಡದೆ ಬಿಡುಗಡೆಯಾಗುತ್ತಾನೆ. ಆದರೆ ತಂದೆ ಮಾರಿದ ಮಗಳು ಗಂಡಸರಂತೆ ಹೊರಟುಹೋಗುವ ಹಾಗಿಲ್ಲ. ಧರ್ಮೋಪದೇಶಕಾಂಡ 15:12–18 ಅದೇ ಆರು ವರ್ಷಗಳ ಲೆಕ್ಕವನ್ನು ಇಟ್ಟುಕೊಂಡು, ಹೆಂಗಸಿಗೂ ಅದೇ ಬಿಡುಗಡೆ ಎನ್ನುತ್ತದೆ. ಜೊತೆಗೆ ಬರಿಗೈಯಲ್ಲಿ ಕಳಿಸಬಾರದು, ನಿನ್ನ ಹಿಂಡು, ಕಣ, ದ್ರಾಕ್ಷಿಯ ಆಲೆಗಳಿಂದ ಧಾರಾಳವಾಗಿ ಕೊಟ್ಟು ಕಳಿಸಬೇಕು ಎಂದು ಸೇರಿಸುತ್ತದೆ. ಯಾಜಕಕಾಂಡ 25:39–46 ಇನ್ನೂ ಬೇರೆ ದಾರಿ ಹಿಡಿಯುತ್ತದೆ: ಬಡತನದಿಂದ ತನ್ನನ್ನು ಮಾರಿಕೊಂಡ ಸ್ವಜನವನ್ನು ದಾಸನೆಂದು ಕಾಣಲೇಬಾರದು, ಕೂಲಿಯಾಳಿನಂತೆ ಇಟ್ಟುಕೊಳ್ಳಬೇಕು, ಆದರೆ ಅವನ ಬಿಡುಗಡೆ ಏಳನೆಯ ವರ್ಷವಲ್ಲ, ಐವತ್ತು ವರ್ಷಕ್ಕೊಮ್ಮೆ ಬರುವ ಜೂಬಿಲಿ ಎಂಬ ಬಿಡುಗಡೆಯ ವರ್ಷದಲ್ಲಿ. ಸುತ್ತಲಿನ ಜನಾಂಗಗಳಿಂದ ಕೊಂಡ ದಾಸರನ್ನು ಮಾತ್ರ ಶಾಶ್ವತ ಸ್ವತ್ತಾಗಿ ಇಟ್ಟುಕೊಳ್ಳಬಹುದು. ಕಾಲ ಕಳೆದಂತೆ ಕಾನೂನು ಸುಧಾರಿಸುತ್ತಲೇ ಹೋಯಿತು ಎಂದು ತೀರ್ಮಾನಿಸುವ ಆತುರ ಇಲ್ಲಿ ಬೇಡ. ಸ್ವಜನರಿಗೆ ಹೆಸರಿನಲ್ಲಿ ಗೌರವ ಹೆಚ್ಚಿತು, ಕಾಯುವ ಅವಧಿ ಉದ್ದವಾಯಿತು, ಪರಜನಾಂಗದವರಿಗೆ ಬಾಗಿಲು ಮುಚ್ಚಿತು. ಮೂರೂ ಒಟ್ಟಿಗೆ ನಡೆದಿವೆ.

ಈ ಕಾಲಮ್‌ಗಳ ಕೆಳಗೆ ಯೆರೆಮೀಯ 34ನೆಯ ಅಧ್ಯಾಯವನ್ನೂ ಬರೆದುಕೊಳ್ಳಿ. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದ್ದಾಗ ಅರಸನಾದ ಚಿದ್ಕೀಯನು ದಾಸದಾಸಿಯರ ಬಿಡುಗಡೆಯನ್ನು ಘೋಷಿಸುತ್ತಾನೆ. ಒಡೆಯರು ಬಿಟ್ಟಂತೆ ಮಾಡಿ ಮತ್ತೆ ಹಿಡಿದು ತರುತ್ತಾರೆ. ಪ್ರವಾದಿಯು ಏಳನೆಯ ವರ್ಷದ ಕಟ್ಟಳೆಯನ್ನು ಎತ್ತಿ ಹೇಳಿ ಅವರನ್ನು ಖಂಡಿಸುತ್ತಾನೆ. ಗಂಡಸು ಹೆಂಗಸರಿಬ್ಬರನ್ನೂ ಸೇರಿಸಿದ ಅವನ ಮಾತು ಧರ್ಮೋಪದೇಶಕಾಂಡಕ್ಕೆ ಹತ್ತಿರವಾಗಿದೆ. ಒಂದು ಕಟ್ಟಳೆ ಜನರಿಗೆ ತಿಳಿದಿತ್ತು, ಆದರೆ ಪಾಲನೆಯಾಗುತ್ತಿರಲಿಲ್ಲ ಎಂಬುದಕ್ಕೆ ಇಷ್ಟು ನೇರವಾದ ಸಾಕ್ಷ್ಯ ಅಪರೂಪ.

ಎರಡನೆಯ ಅಭ್ಯಾಸಕ್ಕೆ ಯಜ್ಞವೇದಿಯ ಕಟ್ಟಳೆಯನ್ನು ತೆಗೆದುಕೊಳ್ಳಿ. ವಿಮೋಚನಕಾಂಡ 20:24–26 ಮಣ್ಣಿನ ವೇದಿಯನ್ನೋ ಕೆತ್ತದ ಕಲ್ಲುಗಳ ವೇದಿಯನ್ನೋ ಕಟ್ಟಲು ಹೇಳುತ್ತದೆ. ದೇವರು ತನ್ನ ಹೆಸರನ್ನು ಸ್ಮರಣೆಗೆ ತರುವ ಎಲ್ಲ ಸ್ಥಳಗಳಲ್ಲೂ ಬಂದು ಆಶೀರ್ವದಿಸುವೆನೆಂಬ ಭರವಸೆ ಅಲ್ಲಿದೆ. ಧರ್ಮೋಪದೇಶಕಾಂಡ 12 ಇದನ್ನು ತಲೆಕೆಳಗು ಮಾಡುತ್ತದೆ: ಯೆಹೋವನು ಆರಿಸಿಕೊಂಡ ಒಂದೇ ಸ್ಥಳದಲ್ಲಿ ಮಾತ್ರ ಬಲಿ. ಊರೂರಿನ ವೇದಿಗಳು ಹೋದರೆ ಮಾಂಸ ತಿನ್ನಬೇಕೆನ್ನುವವರು ಏನು ಮಾಡಬೇಕು? ಅದಕ್ಕೂ ಅಲ್ಲೇ ಉತ್ತರವಿದೆ. ರಕ್ತವನ್ನು ನೆಲಕ್ಕೆ ಸುರಿದುಬಿಟ್ಟರೆ ನಿಮ್ಮ ನಿಮ್ಮ ಊರುಗಳಲ್ಲಿಯೇ ಪಶುವನ್ನು ಕೊಯ್ದು ತಿನ್ನಬಹುದು. ಯಾಜಕಕಾಂಡ 17:3–4 ಈ ಸಡಿಲಿಕೆಯನ್ನು ಒಪ್ಪುವುದೇ ಇಲ್ಲ. ಎತ್ತು, ಕುರಿ, ಆಡುಗಳನ್ನು ದೇವದರ್ಶನದ ಗುಡಾರದ ಬಾಗಿಲಿಗೆ ತರದೆ ಕೊಯ್ದವನು ರಕ್ತಾಪರಾಧಿ. ಮೂರು ನಿಲುವುಗಳೂ ಇಸ್ರಾಯೇಲರ ನಾಯಕ ಮೋಶೆಯ ಬಾಯಲ್ಲೇ ಬರುತ್ತವೆ.

ಈ ವಿಷಯದಲ್ಲಿ ಮಣ್ಣಿನಡಿಯ ಸಾಕ್ಷ್ಯವೂ ಇರುವುದರಿಂದ ಒಂದು ನಾಲ್ಕನೆಯ ಕಾಲಮ್ ಎಳೆಯಬಹುದು. ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯದ ದಕ್ಷಿಣದ ಕೋಟೆಯಾದ ಅರಾದ್‌ನಲ್ಲಿ ಯೆಹೋವನಿಗೆ ಮೀಸಲಾದ ಗುಡಿಯೊಂದು ಸಿಕ್ಕಿದೆ; ಅದರ ವೇದಿ ಮಣ್ಣು ಮತ್ತು ಕೆತ್ತದ ಕಲ್ಲುಗಳಿಂದ ಕಟ್ಟಿದ್ದು. ಹತ್ತಿರದ ಬೇರ್ಷೆಬದಲ್ಲಿ ಸಿಕ್ಕ ವೇದಿಯ ಕಲ್ಲುಗಳಾದರೋ ಅಚ್ಚುಕಟ್ಟಾಗಿ ಕೆತ್ತಿದವು, ಮೂಲೆಗಳಲ್ಲಿ ಕೊಂಬುಗಳಿವೆ, ಒಂದರ ಮೇಲೆ ಹಾವಿನ ಚಿತ್ರವಿದೆ. ಅವನ್ನು ಕಳಚಿ ಒಂದು ಉಗ್ರಾಣದ ಗೋಡೆಗೆ ಬಳಸಲಾಗಿತ್ತು. ಒಂದು ಊರು ಹಳೆಯ ಕಟ್ಟಳೆಯಂತೆ ವೇದಿ ಕಟ್ಟಿದೆ, ಪಕ್ಕದ ಊರು ಅದನ್ನು ಲೆಕ್ಕಿಸಿಲ್ಲ, ಕೊನೆಗೆ ಎರಡೂ ಬಳಕೆಯಿಂದ ಹೋಗಿವೆ. ಇವನ್ನು ಯೆಹೂದದ ಅರಸರಾದ ಹಿಜ್ಕೀಯನ ಅಥವಾ ಯೋಷೀಯನ ಆರಾಧನಾ ಸುಧಾರಣೆಗೆ ನೇರವಾಗಿ ಗಂಟುಹಾಕುವ ಬಗ್ಗೆ ಪುರಾತತ್ವಜ್ಞರಲ್ಲಿ ವಾದವಿದೆ. ಆದರೆ ಒಂದೇ ದೇವಾಲಯವೆಂಬ ನಿಯಮ ಆರಂಭದಿಂದ ಇರಲಿಲ್ಲವೆಂಬುದು ಇಷ್ಟರಿಂದಲೇ ಸ್ಪಷ್ಟ.

ನೆರೆಹೊರೆಯ ಶಾಸನಗಳನ್ನು ಪಕ್ಕದಲ್ಲಿಡಿ

ಮೆಸೊಪೊಟೇಮಿಯದಲ್ಲಿ ಶಾಸನ ಬರೆಯುವ ಪರಂಪರೆ ಇಸ್ರಾಯೇಲೆಂಬ ಹೆಸರು ಕಾಣಿಸಿಕೊಳ್ಳುವುದಕ್ಕೆ ಬಹಳ ಹಿಂದಿನದು. ಊರ್-ನಮ್ಮುವಿನ ಶಾಸನಗಳು ಸುಮಾರು ಕ್ರಿ.ಪೂ. 2100ರವು. ಕ್ರಿ.ಪೂ. 1792ರಿಂದ 1750ರವರೆಗೆ ಆಳಿದನೆಂದು ಸಾಮಾನ್ಯವಾಗಿ ಎಣಿಸುವ ಬಾಬಿಲೋನಿನ ಹಮ್ಮುರಾಬಿಯ ಶಿಲಾಸ್ತಂಭ 1901–02ರಲ್ಲಿ ಸೂಸಾದಲ್ಲಿ ಫ್ರೆಂಚ್ ಉತ್ಖನನಕಾರರಿಗೆ ಸಿಕ್ಕಿತು. ಈಗ ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಾಲದ ಎಶ್ನುನ್ನ ನಗರದ ಶಾಸನಗಳು ಬಾಗ್ದಾದ್ ಬಳಿಯ ತೆಲ್ ಹರ್ಮಲ್‌ನಲ್ಲಿ 1940ರ ದಶಕದಲ್ಲಿ ದೊರೆತವು.

ಹೋಲಿಕೆಗೆ ಹಾಯುವ ಎತ್ತನ್ನೇ ಆರಿಸಿಕೊಳ್ಳುವುದು ವಾಡಿಕೆ, ಮತ್ತು ಆ ವಾಡಿಕೆಗೆ ಕಾರಣವಿದೆ. ಒಂದು ಎತ್ತು ಇನ್ನೊಬ್ಬನ ಎತ್ತನ್ನು ಹಾಯ್ದು ಕೊಂದರೆ ಬದುಕಿದ ಎತ್ತಿನ ಬೆಲೆಯನ್ನೂ ಸತ್ತದ್ದನ್ನೂ ಇಬ್ಬರು ಒಡೆಯರು ಸಮನಾಗಿ ಹಂಚಿಕೊಳ್ಳಬೇಕೆಂದು ಎಶ್ನುನ್ನದ 53ನೆಯ ವಿಧಿ ಹೇಳುತ್ತದೆ. ವಿಮೋಚನಕಾಂಡ 21:35 ಹೇಳುವುದೂ ಅದನ್ನೇ. ಇಷ್ಟು ವಿಶಿಷ್ಟವಾದ ಪರಿಹಾರ ಎರಡು ಕಡೆ ತಾನಾಗಿಯೇ ಹುಟ್ಟಿತೆನ್ನುವುದು ಕಷ್ಟ. ಎತ್ತು ಮನುಷ್ಯನನ್ನು ಕೊಂದಾಗ ಮಾತ್ರ ದಾರಿಗಳು ಕವಲೊಡೆಯುತ್ತವೆ. ಹಾಯುವ ಚಾಳಿಯಿದೆಯೆಂದು ಎಚ್ಚರಿಸಿದರೂ ಒಡೆಯ ಸುಮ್ಮನಿದ್ದು ಸ್ವತಂತ್ರ ಮನುಷ್ಯ ಸತ್ತರೆ ಹಮ್ಮುರಾಬಿಯ ಶಾಸನದಲ್ಲಿ ಅರ್ಧ ಮಿನಾ, ಅಂದರೆ ಮೂವತ್ತು ಶೆಕೆಲ್ ಬೆಳ್ಳಿಯ ದಂಡ. ದಾಸ ಸತ್ತರೆ ಮೂರನೆಯ ಒಂದು ಮಿನಾ. ವಿಮೋಚನಕಾಂಡದಲ್ಲಿ ಎತ್ತನ್ನು ಕಲ್ಲೆಸೆದು ಕೊಲ್ಲಬೇಕು, ಅದರ ಮಾಂಸ ತಿನ್ನಬಾರದು, ಎಚ್ಚರಿಕೆ ಕಡೆಗಣಿಸಿದ ಒಡೆಯನಿಗೂ ಮರಣದಂಡನೆ. ಈಡು ಕೊಟ್ಟು ಪ್ರಾಣ ಉಳಿಸಿಕೊಳ್ಳಲು ಅವಕಾಶವುಂಟು. ಮೂವತ್ತು ಶೆಕೆಲ್ ಅಲ್ಲಿ ದಾಸನ ಸಾವಿನ ಬೆಲೆಯಾಗಿ ಬರುತ್ತದೆ. ಮನುಷ್ಯನ ರಕ್ತ ಸುರಿಸಿದ ಪಶುವೂ ದೇವರ ಮುಂದೆ ಅಪರಾಧಿಯೆಂಬ ಧಾರ್ಮಿಕ ನಿಲುವು ಹಣದ ಲೆಕ್ಕಾಚಾರದೊಳಕ್ಕೆ ಹೊಕ್ಕಿರುವುದನ್ನು ಇಲ್ಲಿ ಹತ್ತಿರದಿಂದ ನೋಡಬಹುದು. 21:31ರಲ್ಲಿ "ಮಗನನ್ನಾಗಲಿ ಮಗಳನ್ನಾಗಲಿ ಹಾಯ್ದರೂ ಇದೇ ನ್ಯಾಯ" ಎಂಬ ಅನವಶ್ಯಕವೆನಿಸುವ ಸಾಲು ಯಾಕಿದೆ? ಕಟ್ಟಿದ ಮನೆ ಬಿದ್ದು ಒಡೆಯನ ಮಗ ಸತ್ತರೆ ಕಟ್ಟಿದವನ ಮಗನನ್ನು ಕೊಲ್ಲಬೇಕೆಂಬ ಹಮ್ಮುರಾಬಿಯ 230ನೆಯ ವಿಧಿಯನ್ನು ಓದಿ ಬಂದರೆ ಆ ಸಾಲಿಗೆ ಅರ್ಥ ಬರುತ್ತದೆ: ಸತ್ತದ್ದು ಮಗುವಾದರೂ ಹೊಣೆ ಒಡೆಯನದೇ, ಅವನ ಮಗುವಿನದಲ್ಲ.

ಈ ಪರಂಪರೆ ಇಸ್ರಾಯೇಲಿಗೆ ತಲುಪಿದ್ದು ಹೇಗೆಂಬ ಬಗ್ಗೆ ಒಮ್ಮತವಿಲ್ಲ. ಹಾಜೋರ್‌ನಲ್ಲಿ 2010ರಲ್ಲಿ ಸಿಕ್ಕ, ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಶಾಸನದ ತುಣುಕುಗಳು, ಮುಂದೆ ಇಸ್ರಾಯೇಲರ ನಾಡಾದ ಕಾನಾನ್ ದೇಶಕ್ಕೆ ಈ ಬಗೆಯ ಬರಹ ಬಹಳ ಹಿಂದೆಯೇ ಬಂದಿತ್ತೆಂದು ತೋರಿಸುತ್ತವೆ. ಇನ್ನೊಂದು ಪಕ್ಷದವರು, ಅಸ್ಸೀರಿಯದ ಅಧೀನದಲ್ಲಿದ್ದ ಕಾಲದಲ್ಲಿ ಯೆಹೂದದ ಲಿಪಿಕಾರರು ಹಮ್ಮುರಾಬಿಯ ಪಠ್ಯವನ್ನೇ ಬಲ್ಲವರಾಗಿದ್ದರು ಎನ್ನುತ್ತಾರೆ. ನನಗೆ ಎರಡನ್ನೂ ಪೂರ್ತಿ ಒಪ್ಪಿಕೊಳ್ಳುವ ಅಗತ್ಯ ಕಾಣುವುದಿಲ್ಲ. ಎತ್ತಿನ ಕಟ್ಟಳೆಯ ಮಟ್ಟಿಗೆ ಎರವಲು ಪಡೆದದ್ದಿದೆ ಎಂಬುದು ಸಾಕು.

ವಾಕ್ಯದ ರೂಪವನ್ನೂ ಗಮನಿಸಬೇಕು. "ಒಬ್ಬನು ಹೀಗೆ ಮಾಡಿದರೆ ಹೀಗಾಗಬೇಕು" ಎಂಬ ಸಂದರ್ಭಾಧಾರಿತ ಕಟ್ಟಳೆಗಳನ್ನೂ "ಕೊಲ್ಲಬಾರದು" ಎಂಬಂಥ ನೇರ ಆಜ್ಞೆಗಳನ್ನೂ ಆಲ್ಬ್ರೆಕ್ಟ್ ಆಲ್ಟ್ 1934ರಲ್ಲಿ ಬೇರ್ಪಡಿಸಿ ತೋರಿಸಿದರು. ಮೊದಲನೆಯದು ನೆರೆಯವರದು, ಎರಡನೆಯದು ಇಸ್ರಾಯೇಲಿನ ಸ್ವಂತದ್ದೆಂಬ ಅವರ ತೀರ್ಮಾನ ಇಂದು ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲವಾದರೂ ವಿಂಗಡಣೆ ಉಪಯುಕ್ತ. ಅದಕ್ಕಿಂತ ಮುಖ್ಯವಾದ ಭೇದ ಶಾಸನ ಕೊಡುವವನದು. ಹಮ್ಮುರಾಬಿ ತನ್ನ ಹೆಸರಿನಲ್ಲೇ ನ್ಯಾಯ ಸ್ಥಾಪಿಸುತ್ತಾನೆ. ಇಸ್ರಾಯೇಲಿನಲ್ಲಿ ಅರಸನು ಶಾಸನಕರ್ತನಲ್ಲ. ಧರ್ಮೋಪದೇಶಕಾಂಡ 17ರ ಪ್ರಕಾರ ಅವನೂ ಒಂದು ಪ್ರತಿ ಇಟ್ಟುಕೊಂಡು ದಿನವೂ ಓದಬೇಕಾದ ಓದುಗ. (ಕೊಳ್ಳೆಯನ್ನು ಹಂಚುವ ಬಗ್ಗೆ ದಾವೀದನು ಮಾಡಿದ ಕಟ್ಟಳೆ, 1 ಸಮುವೇಲ 30ರಲ್ಲಿ, ಇದಕ್ಕೆ ಅಪವಾದ; ಅದು ಯಾವ ಸಂಹಿತೆಗೂ ದಾವೀದನ ಹೆಸರಿನಲ್ಲಿ ಸೇರಲಿಲ್ಲ.)

ಕಾಲ ನಿರ್ಣಯಕ್ಕೆ ಒಂದು ಮೊಳೆ ಹೊಡೆದುಕೊಳ್ಳಿ

ಎಲ್ಲ ಸಂಹಿತೆಗಳ ಕಾಲವನ್ನೂ ಒಮ್ಮೆಗೇ ನಿರ್ಧರಿಸಲು ಹೋಗಬಾರದು. ಒಂದನ್ನು ಸಾಧ್ಯವಾದಷ್ಟು ಭದ್ರಪಡಿಸಿಕೊಂಡು ಉಳಿದವನ್ನು ಅದಕ್ಕೆ ಹಿಂದು ಮುಂದಾಗಿ ಇಡಬೇಕು. ಆ ಒಂದು ಧರ್ಮೋಪದೇಶಕಾಂಡ. ಕ್ರಿ.ಪೂ. 622ರ ಸುಮಾರಿಗೆ ಯೋಷೀಯನ ಆಳ್ವಿಕೆಯಲ್ಲಿ ಮಹಾಯಾಜಕ ಹಿಲ್ಕೀಯನಿಗೆ ದೇವಾಲಯದಲ್ಲಿ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತೆಂದೂ, ಲೇಖಕನಾದ ಶಾಫಾನನು ಅದನ್ನು ಅರಸನಿಗೆ ಓದಿ ಹೇಳಿದನೆಂದೂ, ಪ್ರವಾದಿನಿ ಹುಲ್ದಾ ಅದನ್ನು ಪ್ರಮಾಣೀಕರಿಸಿದಳೆಂದೂ, ಬಳಿಕ ಅರಸನು ಊರೂರಿನ ಪೂಜಾಸ್ಥಳಗಳನ್ನು ಅಪವಿತ್ರಗೊಳಿಸಿ ಆರಾಧನೆಯನ್ನು ಯೆರೂಸಲೇಮಿಗೆ ಸೀಮಿತಗೊಳಿಸಿದನೆಂದೂ 2 ಅರಸುಗಳು 22–23 ಹೇಳುತ್ತದೆ. ಆ ಸುಧಾರಣೆಯ ವಿವರ ಧರ್ಮೋಪದೇಶಕಾಂಡ 12ರ ಬೇಡಿಕೆಗೆ ಹೊಂದುವುದನ್ನು ಗಮನಿಸಿ, 1805ರಲ್ಲಿ ಡಿ ವೆಟ್ಟೆ ಎಂಬ ವಿದ್ವಾಂಸರು ಗ್ರಂಥವನ್ನೂ ಘಟನೆಯನ್ನೂ ಒಂದುಗೂಡಿಸಿದರು. ಆ ಶತಮಾನದ ಕೊನೆಯ ಭಾಗದಲ್ಲಿ ಯೂಲಿಯಸ್ ವೆಲ್‌ಹೌಸನ್ ಇದನ್ನೇ ಆಧಾರವಾಗಿಟ್ಟು ಯಾಜಕ ವಿಧಿಗಳು ಎಲ್ಲಕ್ಕಿಂತ ಈಚಿನವೆಂದು ವಾದಿಸಿದರು.

ಇದಕ್ಕೆ ಹೊರಗಿನ ಬೆಂಬಲ ಬಂದದ್ದು 1955ರಲ್ಲಿ. ಅಸ್ಸೀರಿಯದ ಸಾಮ್ರಾಟ ಏಸರ್‌ಹದ್ದೋನನು ಕ್ರಿ.ಪೂ. 672ರಲ್ಲಿ ತನ್ನ ಉತ್ತರಾಧಿಕಾರಿಗೆ ನಿಷ್ಠರಾಗಿರುವಂತೆ ಅಧೀನರಿಂದ ಪಡೆದ ಪ್ರಮಾಣದ ಫಲಕಗಳು ನಿಮ್ರೂದ್‌ನಲ್ಲಿ ದೊರೆತವು. ಅಣ್ಣತಮ್ಮಂದಿರಾಗಲಿ, ಮಗನಾಗಲಿ, ಮಗಳಾಗಲಿ, ಪ್ರವಾದಿಯಾಗಲಿ ದ್ರೋಹದ ಮಾತಾಡಿದರೆ ಮುಚ್ಚಿಡಬಾರದು ಎನ್ನುತ್ತದೆ ಆ ಪ್ರಮಾಣ. ಧರ್ಮೋಪದೇಶಕಾಂಡ 13 ಅದೇ ಜನರನ್ನು ಹೆಸರಿಸಿ, ಅವರು ಅನ್ಯದೇವರ ಕಡೆಗೆ ಸೆಳೆದರೆ ಕನಿಕರಿಸಬಾರದು ಎನ್ನುತ್ತದೆ. ಭೂಮಿ ಕಬ್ಬಿಣವಾಗಿ, ಆಕಾಶ ಮಳೆಗರೆಯದ ತಾಮ್ರವಾಗಲೆಂಬ ಶಾಪ ಎರಡರಲ್ಲೂ ಇದೆ (28:23). ಯೆಹೂದದ ಅರಸ ಮನಸ್ಸೆ ಏಸರ್‌ಹದ್ದೋನನಿಗೆ ಅಧೀನನಾದ ಅರಸರ ಪಟ್ಟಿಯಲ್ಲಿ ಇದ್ದಾನೆ. ಸಾಮ್ರಾಟನಿಗೆ ಸಲ್ಲುತ್ತಿದ್ದ ನಿಷ್ಠೆಯ ಭಾಷೆಯನ್ನೇ ಕಿತ್ತುಕೊಂಡು ಯೆಹೋವನಿಗೆ ಅರ್ಪಿಸಿದ ಈ ಬಗೆಗೆ ಧೈರ್ಯ ಬೇಕಿತ್ತು.

ಕಥೆಯೊಳಗೆ ಹುಟ್ಟುವ ಕಟ್ಟಳೆಗಳು

ಅರಣ್ಯಕಾಂಡವನ್ನು ಓದುವಾಗ ಪಟ್ಟಿಗಳನ್ನು ದಾಟಿ, ಮೋಶೆಗೆ ಉತ್ತರ ತಿಳಿಯದ ಪ್ರಸಂಗಗಳನ್ನು ಹುಡುಕಿ. 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ಮೋಶೆ, ಯಾಜಕ ಎಲ್ಲಾಜಾರ್ ಮತ್ತು ಮುಖಂಡರ ಮುಂದೆ ಬಂದು ನಿಂತು, ಗಂಡುಮಕ್ಕಳಿಲ್ಲದ ಮಾತ್ರಕ್ಕೆ ನಮ್ಮ ತಂದೆಯ ಹೆಸರು ಕುಲದಿಂದ ಅಳಿದುಹೋಗಬೇಕೇ ಎಂದು ಕೇಳುತ್ತಾರೆ. ಮೋಶೆ ತೀರ್ಪು ಕೊಡುವುದಿಲ್ಲ, ದೇವರಲ್ಲಿ ವಿಚಾರಿಸುತ್ತಾನೆ. ಅವರು ಹೇಳುವುದು ಸರಿ ಎಂಬ ಉತ್ತರ ಬಂದು, ಮಗನಿಲ್ಲದಿದ್ದರೆ ಮಗಳಿಗೆ ಸ್ವಾಸ್ತ್ಯ (ತಂದೆಯ ಆಸ್ತಿ) ಎಂಬ ಶಾಶ್ವತ ನಿಯಮವಾಗುತ್ತದೆ. 36ನೆಯ ಅಧ್ಯಾಯದಲ್ಲಿ ಅದೇ ಕುಲದ ಹಿರಿಯರು ಬಂದು, ಇವರು ಬೇರೆ ಕುಲದವರನ್ನು ಮದುವೆಯಾದರೆ ಭೂಮಿ ಕೈಬಿಟ್ಟುಹೋಗುತ್ತದಲ್ಲಾ ಎಂದು ದೂರಲು, ತಮ್ಮ ಕುಲದೊಳಗೇ ಮದುವೆಯಾಗಬೇಕೆಂಬ ತಿದ್ದುಪಡಿ ಬರುತ್ತದೆ. ತೀರ್ಪು, ಆಕ್ಷೇಪಣೆ, ತಿದ್ದುಪಡಿ ಎಂಬ ಇಡೀ ಪ್ರಕ್ರಿಯೆ ಒಂದು ಪುಸ್ತಕದೊಳಗೆ ಬಯಲಾಗಿ ನಡೆಯುತ್ತದೆ. ಈ ಐವರಲ್ಲಿ ನೋವಾ ಮತ್ತು ಹೊಗ್ಲಾ ಎಂಬ ಎರಡು ಹೆಸರುಗಳು ಸಮಾರ್ಯದಲ್ಲಿ ಸಿಕ್ಕ ಕ್ರಿ.ಪೂ. 8ನೆಯ ಶತಮಾನದ ಮಡಕೆಚೂರುಗಳಲ್ಲಿ ಪ್ರದೇಶಗಳ ಹೆಸರಾಗಿ ಕಾಣಿಸುತ್ತವೆ. ಅಕ್ಕತಂಗಿಯರ ಕಥೆಯ ಹಿಂದೆ ಭೂಮಿಯ ಹಕ್ಕಿನ ನಿಜವಾದ ವಾದವೊಂದು ಅಡಗಿರಬಹುದೆಂಬ ಊಹೆಗೆ ಇದೇ ಆಧಾರ. ದೈವದೂಷಣೆ (ಯಾಜಕಕಾಂಡ 24), ಸಬ್ಬತ್ ದಿನ ಸೌದೆ ಕೂಡಿಸಿದವನು (ಅರಣ್ಯಕಾಂಡ 15), ಪಸ್ಕ ಹಬ್ಬವನ್ನು ತಡವಾಗಿ ಆಚರಿಸುವವರು (ಅರಣ್ಯಕಾಂಡ 9) ಇದೇ ಬಗೆಯ ಪ್ರಸಂಗಗಳು.

ಕಟ್ಟಳೆ ಜಾರಿಯಲ್ಲಿತ್ತೇ ಎಂದು ಕೇಳಿ

ಪ್ರತಿ ಕಟ್ಟಳೆಯ ಮುಂದೆಯೂ ಈ ಪ್ರಶ್ನೆಯನ್ನು ಬರೆದುಕೊಳ್ಳಬೇಕು. ಒತ್ತೆಯಿಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವುದರೊಳಗೆ ಬಡವನಿಗೆ ಹಿಂದಿರುಗಿಸಬೇಕು, ಅವನಿಗೆ ಹೊದೆಯಲು ಬೇರೇನಿದೆ ಎನ್ನುತ್ತದೆ ವಿಮೋಚನಕಾಂಡ 22:26–27. ಕ್ರಿ.ಪೂ. 7ನೆಯ ಶತಮಾನದ ಕೊನೆಯ ಭಾಗದ ಒಂದು ಮಡಕೆಚೂರು 1960ರಲ್ಲಿ ಮೆಡಿಟರೇನಿಯನ್ ಕರಾವಳಿಯ ಸಣ್ಣ ಕೋಟೆಯೊಂದರಲ್ಲಿ ಸಿಕ್ಕಿತು. ಅದು ಕೊಯ್ಲಿನ ಆಳೊಬ್ಬನು ಅಧಿಕಾರಿಗೆ ಬರೆಸಿದ ಅರ್ಜಿ: ತನ್ನ ಪಾಲಿನ ಕೊಯ್ಲನ್ನು ಮುಗಿಸಿ ಕಣಜಕ್ಕೆ ತುಂಬಿದ ಮೇಲೆ ಶೋಬಾಯನ ಮಗ ಹೋಷಯಾಹು ಬಂದು ತನ್ನ ಬಟ್ಟೆಯನ್ನು ಕಸಿದುಕೊಂಡು ಹೋದನೆಂದೂ, ಬಿಸಿಲಿನಲ್ಲಿ ಜೊತೆಗೆ ಕೊಯ್ದವರೆಲ್ಲ ಸಾಕ್ಷಿ ಹೇಳುವರೆಂದೂ, ಬಟ್ಟೆಯನ್ನು ಕೊಡಿಸಬೇಕೆಂದೂ ಬೇಡಿಕೊಳ್ಳುತ್ತಾನೆ. ಕಟ್ಟಳೆಯ ಲೋಕವೇ ಇದು. ಆದರೆ ಅರ್ಜಿಯಲ್ಲಿ ಕಟ್ಟಳೆಯ ಉಲ್ಲೇಖವೇ ಇಲ್ಲ. ಅವನು ನಂಬಿರುವುದು ಅಧಿಕಾರಿಯ ಕನಿಕರವನ್ನು ಮತ್ತು ಸಾಕ್ಷಿಗಳನ್ನು. ಬರೆದ ಸಂಹಿತೆಗಳು ನ್ಯಾಯಾಲಯದ ಕೈಪಿಡಿಯಾಗಿದ್ದವು ಎನ್ನುವುದಕ್ಕಿಂತ ಲಿಪಿಕಾರರ, ಯಾಜಕರ ವಲಯದಲ್ಲಿ ನ್ಯಾಯದ ಆದರ್ಶವನ್ನು ನಿರೂಪಿಸುವ ಬರಹಗಳಾಗಿದ್ದವು ಎಂಬ ವಾದಕ್ಕೆ ಇದು ಬಲ ಕೊಡುತ್ತದೆ.

ಕ್ರಿ.ಪೂ. 5ನೆಯ ಶತಮಾನದಲ್ಲಿ ನೈಲ್ ನದಿಯ ಎಲಿಫೆಂಟೈನ್ ದ್ವೀಪದಲ್ಲಿದ್ದ ಯೆಹೂದ್ಯ ಸೈನಿಕರ ಪಪೈರಸ್ ಪತ್ರಗಳು ಇನ್ನೂ ಬೆರಗುಗೊಳಿಸುತ್ತವೆ. ಒಂದೇ ಸ್ಥಳದ ನಿಯಮವಿದ್ದರೂ ಅವರಿಗೆ ಅಲ್ಲೇ ದೇವಾಲಯವಿತ್ತು, ಅದು ಕ್ರಿ.ಪೂ. 410ರಲ್ಲಿ ನಾಶವಾದಾಗ 407ರಲ್ಲಿ ಯೆಹೂದದ ರಾಜ್ಯಪಾಲನಿಗೆ ಸಂಕೋಚವಿಲ್ಲದೆ ಪತ್ರ ಬರೆದು ಮತ್ತೆ ಕಟ್ಟಲು ನೆರವು ಕೇಳುತ್ತಾರೆ. ಬಂದ ಉತ್ತರ ಧೂಪ ಮತ್ತು ಧಾನ್ಯದ ಅರ್ಪಣೆಗೆ ಒಪ್ಪುತ್ತದೆ, ಪಶುಬಲಿಯ ಮಾತೆತ್ತುವುದಿಲ್ಲ. ಅವರ ಪತ್ರಗಳಲ್ಲಿ ಮೋಶೆಯ ಹೆಸರಾಗಲಿ ಧರ್ಮಶಾಸ್ತ್ರದ ಉದ್ಧರಣೆಯಾಗಲಿ ಸಿಗುವುದಿಲ್ಲ.

ಸಂಹಿತೆಗಳು ಒಂದಾದ ಮೇಲೆ

ನೆಹೆಮೀಯ 8ರಲ್ಲಿ ಯಾಜಕನೂ ಲೇಖಕನೂ ಆದ ಎಜ್ರನು ಯೆರೂಸಲೇಮಿನ ಬಾಗಿಲೊಂದರ ಮುಂದಿನ ಬಯಲಿನಲ್ಲಿ ಧರ್ಮಶಾಸ್ತ್ರವನ್ನು ಗಟ್ಟಿಯಾಗಿ ಓದುವ ದೃಶ್ಯವಿದೆ. ಪಾರಸಿ (ಪರ್ಷಿಯನ್) ಆಳ್ವಿಕೆಯ ಆ ಕಾಲದ ಸುಮಾರಿಗೆ ಬೇರೆ ಬೇರೆ ಸಂಹಿತೆಗಳು ಒಂದೇ ಗ್ರಂಥವಾಗಿ ಹೊಂದಿಕೊಂಡವೆಂದು ಸಾಮಾನ್ಯವಾಗಿ ಒಪ್ಪುತ್ತಾರೆ. ಪಾರಸಿ ಸರಕಾರದ ಒತ್ತಾಯ ಇದಕ್ಕೆ ಕಾರಣವೆಂಬ ವಾದವೂ ಇದೆ, ಅದಕ್ಕೆ ಸಾಕಷ್ಟು ವಿರೋಧವೂ ಇದೆ. ಒಂದಾದ ಮೇಲೆ ವಿರೋಧಗಳನ್ನು ಹೊಂದಿಸುವುದೇ ಕಾನೂನಿನ ಮುಖ್ಯ ಕೆಲಸವಾಯಿತು. ಮೃತ ಸಮುದ್ರದ ಬಳಿ 1956ರಲ್ಲಿ ಸಿಕ್ಕ ದೇವಾಲಯ ಸುರುಳಿ ಎಂಟು ಮೀಟರಿಗೂ ಉದ್ದವಾದ ಬರಹ. ಅದರ ಕರ್ತೃ ಚದರಿದ ಕಟ್ಟಳೆಗಳನ್ನು ವಿಷಯವಾರಾಗಿ ಜೋಡಿಸಿದ್ದಲ್ಲದೆ, ಧರ್ಮೋಪದೇಶಕಾಂಡದಲ್ಲಿ ಮೋಶೆ "ಯೆಹೋವನು" ಎಂದು ಹೇಳಿದ ಅನೇಕ ಕಡೆ "ನಾನು" ಎಂದು ತಿದ್ದಿ, ದೇವರೇ ನೇರವಾಗಿ ಮಾತಾಡುವಂತೆ ಮಾಡಿದ.

ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳ ದಾರಿ ಬೇರೆ. ಅವರು ಪಠ್ಯವನ್ನು ಮುಟ್ಟದೆ ಅರ್ಥವನ್ನು ತಿದ್ದಿದರು. "ಕಣ್ಣಿಗೆ ಕಣ್ಣು" ವಿಮೋಚನಕಾಂಡ 21, ಯಾಜಕಕಾಂಡ 24, ಧರ್ಮೋಪದೇಶಕಾಂಡ 19 ಮೂರರಲ್ಲೂ ಇದೆ, ಹಮ್ಮುರಾಬಿಯಲ್ಲೂ ಇದೆ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ರಬ್ಬಿಗಳ ಕಾನೂನು ಗ್ರಂಥ ಮಿಷ್ನಾದಲ್ಲಿ ಮೈಗೆ ಗಾಯ ಮಾಡಿದವನು ಐದು ಬಾಬತ್ತಿನಲ್ಲಿ ಹಣ ತೆರಬೇಕು: ಅಂಗಹಾನಿಗೆ, ನೋವಿಗೆ, ಚಿಕಿತ್ಸೆಗೆ, ದುಡಿಮೆಯ ನಷ್ಟಕ್ಕೆ, ಅವಮಾನಕ್ಕೆ. ಇವುಗಳಲ್ಲಿ ಚಿಕಿತ್ಸೆ ಮತ್ತು ದುಡಿಮೆಯ ನಷ್ಟ ವಿಮೋಚನಕಾಂಡ 21:19ರಲ್ಲೇ ಇವೆ. ಮುಂದಿನ ಅಭ್ಯಾಸಕ್ಕೆ ಇದೇ ಕಟ್ಟಳೆಯನ್ನು ತೆಗೆದುಕೊಂಡು, ಮೊದಲು 21:18–27ನ್ನು ಇಡಿಯಾಗಿ ಓದಿ. ದಾಸನ ಕಣ್ಣು ಹಾಳುಮಾಡಿದ ಒಡೆಯನು ತನ್ನ ಕಣ್ಣು ಕಳೆದುಕೊಳ್ಳುವುದಿಲ್ಲ, ಆ ದಾಸನನ್ನು ಬಿಡುಗಡೆ ಮಾಡಬೇಕಾಗುತ್ತದೆ ಎಂಬ 26ನೆಯ ವಚನವನ್ನು ಮೊದಲ ಕಾಲಮ್‌ನಲ್ಲಿ ಬರೆದುಕೊಂಡು, ಉಳಿದ ಎರಡು ಸಂಹಿತೆಗಳಿಗೆ ಹೋಗಿ.